ಗಣಕವಿಜ್ಞಾನ ಓದಿದವರಿಗೆ ಕೆಲಸವುಂಟೆ?

ಪ್ರತಿವರ್ಷ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಕೂಡಲೇ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಮೇಷ್ಟ್ರೇ, ಹುಡುಗನನ್ನು ಕಂಪ್ಯೂಟರಿಗೆ ಸೇರಿಸಿದರೆ ಕೆಲಸ ಗ್ಯಾರಂಟಿ ತಾನೆ?” ಒಂದು ಕಾಲದಲ್ಲಿ ಶಿಕ್ಷಕರ ತರಬೇತಿಯ ಬಗ್ಗೆ ಇದೇ ಮಾತನ್ನು ಕೇಳುತ್ತಿದ್ದರು, ಅನಂತರ ನರ್ಸಿಂಗ್ ಬಂದಿತು, ಈಗ ಕಂಪ್ಯೂಟರಿನ ಸರದಿ. ಪ್ರಶ್ನೆ ಕೇಳುವವರು ಸಾಮಾನ್ಯರಲ್ಲ. ಆನೆ ಬಾರದಂತೆ ರಾತ್ರಿಯಿಡೀ ಕಾವಲು ಕಾದು ಎಲೆಕೋಸು, ಆಲೂಗಡ್ಡೆ, ಅರಿಶಿನ ಬೆಳೆದು, ಆ ಹಣದಲ್ಲಿ ಮಗನನ್ನೋ ಮಗಳನ್ನೋ ಓದಿಸಲು ಹೊರಟವರು. ಅವರಿಗೆ “ಹೌದು” ಎಂದು ಹೇಳಿ ಕಳುಹಿಸುವುದು ಸುಲಭ. “ಇಲ್ಲ” ಎನ್ನುವುದೂ ಸುಲಭ. ಎರಡೂ ನಿಜವಲ್ಲವಾದ್ದರಿಂದ ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಮೊದಲು, ಗಣಕವಿಜ್ಞಾನ ಎಂದರೇನು ಎಂಬ ವಿಷಯದಲ್ಲೇ ನಮ್ಮಲ್ಲಿ ಗೊಂದಲವಿದೆ. ಟೈಪು ಮಾಡುವುದು, ಅರ್ಜಿ ತುಂಬುವುದು, ಇ-ಸೇವಾ ಕೇಂದ್ರದಲ್ಲಿ ಪ್ರಮಾಣಪತ್ರ ಅಚ್ಚು ತೆಗೆಯುವುದು ಇವೆಲ್ಲ ಕಂಪ್ಯೂಟರಿನ ಬಳಕೆ. ಗಣಕವಿಜ್ಞಾನವಾದರೋ ಬೇರೆಯದು. ಒಂದು ಕೆಲಸವನ್ನು ಯಂತ್ರಕ್ಕೂ ತಿಳಿಯುವಷ್ಟು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಕ್ರಮವಾಗಿ ಬರೆದುಕೊಡುವ ವಿದ್ಯೆ ಅದು. ನಮ್ಮ ಸತ್ಯಮಂಗಲ ಹುಲಿ ಸಂರಕ್ಷಣಾ ಪ್ರದೇಶವನ್ನೇ ತೆಗೆದುಕೊಳ್ಳಿ. ಕಾಡಿನೊಳಗೆ ಮರಕ್ಕೆ ಕಟ್ಟಿದ ಕ್ಯಾಮರಾಗಳು ಸಾವಿರಾರು ಚಿತ್ರಗಳನ್ನು ತೆಗೆಯುತ್ತವೆ. ಒಂದು ಹುಲಿಯ ಪಟ್ಟೆ ಇನ್ನೊಂದರಂತೆ ಇರುವುದಿಲ್ಲ. ಆ ಪಟ್ಟೆಗಳನ್ನು ಹೋಲಿಸಿ ನಿನ್ನೆ ಬಂದದ್ದೂ ಇಂದು ಬಂದದ್ದೂ ಒಂದೇ ಹುಲಿಯೇ, ಬೇರೆಯೇ ಎಂದು ವಿಂಗಡಿಸಲು ಹುಲಿ ಗಣತಿಯಲ್ಲಿ ತಂತ್ರಾಂಶಗಳನ್ನು ಬಳಸುತ್ತಾರೆ. ಆ ತಂತ್ರಾಂಶ ಬರೆದವನಿಗೆ ಟೈಪಿಂಗ್ ವೇಗ ಎಷ್ಟಿತ್ತೆಂದು ಯಾರೂ ಕೇಳಲಿಲ್ಲ. ಅವನಿಗೆ ಬೇಕಾದದ್ದು ಗಣಿತ, ಮತ್ತು ತಾಳ್ಮೆ.

ಕಂಪ್ಯೂಟರು ಓದಿದರೆ ಕೆಲಸ ಖಂಡಿತ ಎಂಬ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 1981ರಲ್ಲಿ ಪುಣೆಯಲ್ಲಿ ಆರಂಭವಾದ ಇನ್ಫೋಸಿಸ್ ಕಂಪನಿ 1983ರಲ್ಲಿ ಬೆಂಗಳೂರಿಗೆ ಬಂದಿತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅಲ್ಲಿ ಕಚೇರಿ ತೆರೆಯಿತು. ಅನಂತರ, ಹಳೆಯ ಕಂಪ್ಯೂಟರುಗಳಲ್ಲಿ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದರಿಂದ 2000ನೆಯ ಇಸವಿ ಬಂದಾಗ ಲೆಕ್ಕ ತಪ್ಪುವುದೆಂಬ ಭಯ ಲೋಕವನ್ನೆಲ್ಲ ಆವರಿಸಿತು. ಆ ತೊಡಕನ್ನು ಬಿಡಿಸಲು ಸಾವಿರಾರು ಜನ ಬೇಕಾದರು. ಭಾರತದಲ್ಲಿ ಜನ ಸಿಕ್ಕಿದರು. ಚೆನ್ನೈಯಲ್ಲಿ 2000ದಲ್ಲಿಯೂ ಕೊಯಮತ್ತೂರಿನಲ್ಲಿ 2010ರಲ್ಲಿಯೂ ಟೈಡೆಲ್ ಪಾರ್ಕುಗಳು ತೆರೆದವು. ಮೈಸೂರಿನಲ್ಲಿ ಇನ್ಫೋಸಿಸ್ ಕಟ್ಟಿದ ತರಬೇತಿ ಕೇಂದ್ರವನ್ನು ನಮ್ಮೂರಿನ ಎಷ್ಟೋ ಜನ ಹೊರಗಿನಿಂದಲಾದರೂ ನೋಡಿದ್ದಾರೆ. ಸುಮಾರು ಇಪ್ಪತ್ತು ವರ್ಷ, ನಡುವೆ 2001 ಮತ್ತು 2008ರ ಹಿನ್ನಡೆಗಳನ್ನು ಬಿಟ್ಟರೆ, ಯಾವ ವಿಭಾಗದ ಎಂಜಿನಿಯರಿಂಗ್ ಓದಿದ್ದರೂ ಇಂಗ್ಲಿಷಿನಲ್ಲಿ ನಾಲ್ಕು ಮಾತನಾಡಬಲ್ಲವನಿಗೆ ಕೆಲಸ ಸಿಕ್ಕಿತು. ಬೆಟ್ಟದ ಮೇಲಿನ ಹಳ್ಳಿಯಿಂದ ಹೋದ ಹುಡುಗ ಊರಲ್ಲಿ ತಾರಸಿ ಮನೆ ಕಟ್ಟಿಸಿದ. ಅದನ್ನು ಕಂಡ ಪಕ್ಕದ ಮನೆಯವರು ತಮ್ಮ ಮಗನಿಗೂ ಅದೇ ದಾರಿ ಎಂದುಕೊಂಡರೆ ತಪ್ಪೇನು?

ತಪ್ಪಿಲ್ಲ. ಆದರೆ ದಾರಿ ಈಗ ಮೊದಲಿನಂತಿಲ್ಲ. 2021 ಮತ್ತು 2022ರಲ್ಲಿ ಕಂಪನಿಗಳು ಹಿಂದೆಂದೂ ಇಲ್ಲದಷ್ಟು ಹೊಸಬರನ್ನು ಸೇರಿಸಿಕೊಂಡವು. ಮರುವರ್ಷಗಳಲ್ಲಿ ಕೈ ಬಿಗಿಹಿಡಿದವು. 2023-24ರ ಒಂದೇ ಆರ್ಥಿಕ ವರ್ಷದಲ್ಲಿ ಟಿ.ಸಿ.ಎಸ್.ನ ನೌಕರರ ಸಂಖ್ಯೆ 13,249, ಇನ್ಫೋಸಿಸ್‌ನದು 25,994, ವಿಪ್ರೋದ್ದು 24,516 ಕಡಿಮೆಯಾಯಿತು. ಮೂರನ್ನೂ ಕೂಡಿಸಿದರೆ 63,759. ಅಷ್ಟು ಜನರನ್ನು ಮನೆಗೆ ಕಳುಹಿಸಿದರೆಂದು ಇದರ ಅರ್ಥವಲ್ಲ. ಬಹುಪಾಲು, ಬಿಟ್ಟುಹೋದವರ ಜಾಗಕ್ಕೆ ಅಷ್ಟೇ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಆದರೆ ಬಾಗಿಲ ಹೊರಗೆ ನಿಂತ ಹೊಸ ಪದವೀಧರನಿಗೆ ಎರಡೂ ಒಂದೇ. 2025ರ ಜುಲೈಯಲ್ಲಿ ಟಿ.ಸಿ.ಎಸ್. ತನ್ನ ನೌಕರರಲ್ಲಿ ನೂರಕ್ಕೆ ಇಬ್ಬರನ್ನು, ಎಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು.

ಇತ್ತ ಬಾಗಿಲು ಕಿರಿದಾಗುತ್ತಿರುವಾಗ ಅತ್ತ ಸಾಲು ಉದ್ದವಾಗುತ್ತಿದೆ. ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂದು ಇದ್ದ ಗರಿಷ್ಠ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು 2024-25ರಿಂದ ಉತ್ತಮ ಕಾಲೇಜುಗಳಿಗೆ ಸಡಿಲಿಸಿತು. ಕಾಲೇಜುಗಳು ಸಿವಿಲ್, ಮೆಕ್ಯಾನಿಕಲ್ ವಿಭಾಗಗಳನ್ನು ಕುಗ್ಗಿಸಿ ಕಂಪ್ಯೂಟರ್ ಸೀಟು ಹೆಚ್ಚಿಸುತ್ತಿವೆ. ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನ, ಸೈಬರ್ ಸುರಕ್ಷತೆ ಎಂದು ಹೆಸರು ಹಲವು. ಮೊದಲೆರಡು ವರ್ಷದ ಪಾಠ ಬಹಳಷ್ಟು ಒಂದೇ. ಹೆಸರು ನೋಡಿ ಮರುಳಾಗಬೇಡಿ. ಸಂಬಳದ ಮಾತೂ ಹೇಳಿಬಿಡಬೇಕು. ದೊಡ್ಡ ಸೇವಾ ಕಂಪನಿಗಳು ಸಾಮಾನ್ಯ ಹೊಸಬರಿಗೆ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಯ ಆಸುಪಾಸು. ಹತ್ತು ಹನ್ನೆರಡು ವರ್ಷಗಳ ಹಿಂದೆಯೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಈ ನಡುವೆ ಬೆಂಗಳೂರಿನ ಬಾಡಿಗೆ ಮಾತ್ರ ನಿಂತಲ್ಲಿ ನಿಂತಿಲ್ಲ.

ಇದರ ಮೇಲೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಿತು. ಮನುಷ್ಯನಂತೆ ಉತ್ತರ ಬರೆಯುವ, ಕೇಳಿದರೆ ಕಂಪ್ಯೂಟರ್ ಪ್ರೋಗ್ರಾಂ ಸಹ ಬರೆದುಕೊಡುವ ಯಂತ್ರ. ಇದರಿಂದ ಗಣಕವಿಜ್ಞಾನವೇ ಮುಗಿಯಿತೆಂದು ಕೆಲವರು, ಏನೂ ಆಗದೆಂದು ಕೆಲವರು ಹೇಳುತ್ತಾರೆ. ನಮಗೆ ತೋರುವುದಿಷ್ಟು. ಇಂಥ ಯಂತ್ರ ಮೊದಲು ಮುಟ್ಟುವುದು ಹೊಸಬರಿಗೆ ಕಲಿಯಲೆಂದು ಕೊಡುತ್ತಿದ್ದ ಚಿಲ್ಲರೆ ಕೆಲಸವನ್ನೇ. ಯಂತ್ರ ಬರೆದುಕೊಟ್ಟದ್ದು ಸರಿಯೇ ತಪ್ಪೇ ಎಂದು ಹೇಳಬಲ್ಲವನಿಗೆ ಬೇಡಿಕೆ ಉಳಿಯುತ್ತದೆ. ಪುಸ್ತಕದ ಪ್ರೋಗ್ರಾಂ ಬಾಯಿಪಾಠ ಮಾಡಿ ಪಾಸಾದವನಿಗೆ ಕಷ್ಟ. ಬಾಯಿಪಾಠದಿಂದಲೇ ಕಾಲೇಜಿನ ನಾಲ್ಕು ವರ್ಷ ಕಳೆಯುವವರು ಎಷ್ಟಿದ್ದಾರೆಂಬುದನ್ನು ಕಾಲೇಜಿಗೆ ಹೋದ ನಮ್ಮ ಹಳೆಯ ವಿದ್ಯಾರ್ಥಿಗಳೇ ಬಂದು ಹೇಳುತ್ತಾರೆ.

ಹೀಗಿರುವಾಗ ನಮ್ಮ ಅಭಿಪ್ರಾಯವೇನು? ಓದಿಸಬೇಡಿ ಎಂದಲ್ಲ. ಆದರೆ ಸೀಟಿಗಾಗಿ ಹೊಲ ಅಡವಿಡಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಪ್ಲಸ್ ಟೂ ಪರೀಕ್ಷೆ ಮುಗಿಯುವ ಮೊದಲೇ ಏಜೆಂಟರು ಹಳ್ಳಿಗಳಿಗೆ ಬರುತ್ತಾರೆ. “ಕಂಪ್ಯೂಟರ್ ಸೀಟು, ಹಾಸ್ಟೆಲು, ಕೆಲಸ ಎಲ್ಲಾ ನಮ್ಮ ಜವಾಬ್ದಾರಿ” ಎನ್ನುತ್ತಾರೆ. ಮುಂಗಡ ಪಡೆದು ಮೂಲ ಅಂಕಪಟ್ಟಿಯನ್ನೂ ಇಟ್ಟುಕೊಳ್ಳುತ್ತಾರೆ. ಅಂಕಪಟ್ಟಿ ಕೈಯಲ್ಲಿಲ್ಲದೆ ಹುಡುಗನಿಗೆ ಸರ್ಕಾರದ ಕೌನ್ಸೆಲಿಂಗಿಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ನೂರಕ್ಕೆ ನೂರು ಉದ್ಯೋಗ ಎಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ ಕಾಲೇಜನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಕಳೆದ ವರ್ಷ ಈ ವಿಭಾಗದಲ್ಲಿ ಓದು ಮುಗಿಸಿದವರೆಷ್ಟು, ಅವರಲ್ಲಿ ಕೆಲಸಕ್ಕೆ ಸೇರಿದವರೆಷ್ಟು, ಯಾವ ಸಂಬಳಕ್ಕೆ? “ಆಯ್ಕೆಯಾದವರು” ಎಂಬ ಲೆಕ್ಕ ಬೇಡ. ಒಬ್ಬನೇ ಮೂರು ಕಂಪನಿಗೆ ಆಯ್ಕೆಯಾದರೆ ಅದನ್ನು ಮೂರೆಂದು ಎಣಿಸುವುದುಂಟು.

ತಮಿಳುನಾಡಿನಲ್ಲಿ ಎಂಜಿನಿಯರಿಂಗಿಗೆ ಪ್ರವೇಶ ಪರೀಕ್ಷೆಯಿಲ್ಲ. 2007ರಿಂದ ಪ್ಲಸ್ ಟೂ ಅಂಕಗಳ ಮೇಲೆಯೇ ಆಯ್ಕೆ. ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50, ಒಟ್ಟು 200ಕ್ಕೆ ಲೆಕ್ಕ. ಗಮನಿಸಿ, ಪ್ಲಸ್ ಟೂವಿನಲ್ಲಿ ಕಂಪ್ಯೂಟರ್ ವಿಷಯ ತೆಗೆದುಕೊಂಡು ಎಷ್ಟೇ ಅಂಕ ಗಳಿಸಿದರೂ ಅದು ಈ 200ರಲ್ಲಿ ಸೇರುವುದಿಲ್ಲ. ಅರ್ಧ ಭಾಗ ಗಣಿತವೇ. ಗಣಿತಕ್ಕೆ ಹೆದರಿ ಬೇರೆ ಗುಂಪು ಸೇರಿ, “ಆಮೇಲೆ ಕಂಪ್ಯೂಟರು ಮಾಡಿದರಾಯಿತು” ಎನ್ನುವ ಮಕ್ಕಳನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಕನ್ನಡದ ಮೇಷ್ಟ್ರು ಗಣಿತದ ಪರ ವಾದಿಸುವುದು ವಿಚಿತ್ರವೆಂದು ನಮ್ಮ ಸಹೋದ್ಯೋಗಿಗಳು ನಗಬಹುದು, ನಗಲಿ.

ಇನ್ನೊಂದು ಸಂಗತಿ ನಮ್ಮ ಸೀಮೆಗೇ ವಿಶೇಷವಾದುದು. ನಮಗೆ ಸತ್ಯಮಂಗಲಕ್ಕಿಂತ ಚಾಮರಾಜನಗರ ಹತ್ತಿರ. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯುವುದಕ್ಕಿಂತ ಗಡಿ ದಾಟುವುದು ಸುಲಭ. ಆದ್ದರಿಂದ ಹತ್ತನೆಯ ತರಗತಿ ಆದ ಮೇಲೆ ಕೆಲವರು ಮಕ್ಕಳನ್ನು ಚಾಮರಾಜನಗರಕ್ಕೋ ಮೈಸೂರಿಗೋ ಪಿ.ಯು.ಸಿ.ಗೆ ಕಳುಹಿಸುತ್ತಾರೆ. ಕಳುಹಿಸುವ ಮೊದಲು ಒಂದು ಲೆಕ್ಕ ಹಾಕಿ. ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ 6ರಿಂದ 12ನೆಯ ತರಗತಿಯವರೆಗೆ ಓದಿದವರಿಗೆ ಎಂಜಿನಿಯರಿಂಗ್ ಮುಂತಾದ ವೃತ್ತಿಶಿಕ್ಷಣದಲ್ಲಿ ನೂರಕ್ಕೆ ಏಳೂವರೆ ಸೀಟುಗಳನ್ನು 2021ರ ಕಾನೂನು ಮೀಸಲಿಟ್ಟಿದೆ. ಹಾಗೆ ಸೇರಿದವರ ಬೋಧನಾ ಶುಲ್ಕ, ಹಾಸ್ಟೆಲು ಶುಲ್ಕಗಳನ್ನು ಸರ್ಕಾರವೇ ಭರಿಸುವುದೆಂದು ಅದೇ ವರ್ಷ ಪ್ರಕಟವಾಯಿತು. ಹನ್ನೊಂದನೆಯ ತರಗತಿಗೆ ಗಡಿ ದಾಟಿದ ದಿನವೇ ಈ ಹಕ್ಕು ಕೈಬಿಟ್ಟುಹೋಗುತ್ತದೆ. ಕೊಯಮತ್ತೂರಿನ ಸರ್ಕಾರಿ ತಾಂತ್ರಿಕ ಕಾಲೇಜು, ಹಿಂದೆ ಐ.ಆರ್.ಟಿ.ಟಿ. ಎಂದಿದ್ದ ಈರೋಡಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಇಂಥಲ್ಲಿ ಸೀಟು ದೊರೆತರೆ ವಿಭಾಗ ಯಾವುದಾದರೂ ಆಗಲಿ ಬಿಡಬಾರದೆಂದು ನಮ್ಮ ಮತ. ಒಳ್ಳೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಪ್ರೋಗ್ರಾಂ ಬರೆಯುವುದನ್ನು ಕಲಿತವನು, ಮೇಷ್ಟ್ರುಗಳೇ ಇಲ್ಲದ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವನಿಗಿಂತ ಮುಂದೆ ಹೋಗುತ್ತಾನೆ.

ಕರ್ನಾಟಕದಲ್ಲೇ ಓದಿಸುತ್ತೇವೆನ್ನುವವರು ಅಲ್ಲಿನ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ. ಪುಸ್ತಿಕೆಯನ್ನು ಮೊದಲ ಪುಟದಿಂದ ಓದಬೇಕು. ಗಡಿನಾಡು, ಹೊರನಾಡು ಕನ್ನಡಿಗರಿಗೆ ಅದರಲ್ಲಿ ಬೇರೆ ಬೇರೆ ಅರ್ಹತಾ ನಿಯಮಗಳಿವೆ. ನಾವು ಮನೆಯಲ್ಲಿ ಕನ್ನಡ ಮಾತನಾಡುತ್ತೇವೆ, ಗಡಿಯಲ್ಲಿದ್ದೇವೆ, ಆದ್ದರಿಂದ ಅಲ್ಲಿಯವರಂತೆಯೇ ಸೀಟು ಸಿಗುತ್ತದೆ ಎಂದು ಊಹಿಸಿಕೊಂಡು ಹೋಗಬೇಡಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಬೆಟ್ಟದ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಅಂದಿನಿಂದ ನಮ್ಮ ಮಕ್ಕಳು ಭಾಷೆಯಲ್ಲಿ ಒಂದು ಕಡೆ, ಕಾಗದಪತ್ರದಲ್ಲಿ ಇನ್ನೊಂದು ಕಡೆ ಇದ್ದಾರೆ.

ಈ ಸಂಕಟ ಉದ್ಯೋಗದಲ್ಲಿಯೂ ಇದೆ. ಖಾಸಗಿ ಕಂಪನಿ ಕೈಕೊಟ್ಟರೆ ಸರ್ಕಾರಿ ಕೆಲಸವಿದೆಯಲ್ಲ ಎನ್ನುವವರು ಕೇಳಿ. ತಮಿಳು ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ಹುದ್ದೆಗಳಲ್ಲಿ ನೂರಕ್ಕೆ 20 ಆದ್ಯತೆ ಕೊಡುವ ಕಾನೂನು 2010ರಲ್ಲಿ ಬಂದಿತು. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ. ಅಲ್ಲದೆ ಸೇವಾ ಆಯೋಗದ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯಲ್ಲಿ ಕನಿಷ್ಠ ನೂರಕ್ಕೆ 40 ಅಂಕ ಪಡೆಯಲೇಬೇಕೆಂದು 2021ರ ಡಿಸೆಂಬರಿನಲ್ಲಿ ಆದೇಶವಾಯಿತು. ಇದು ನ್ಯಾಯವೇ ಎಂದು ಕೇಳಿದರೆ, ಭಾಷಾ ಅಲ್ಪಸಂಖ್ಯಾತರ ಪಾಲಿಗೆ ಪೂರ್ಣ ನ್ಯಾಯವಲ್ಲವೆಂದೇ ನಾವು ಹೇಳುತ್ತೇವೆ. ಹಾಗೆಂದು ತಮಿಳು ಕಲಿಯದೆ ಕುಳಿತರೆ ನಷ್ಟ ನಮಗೇ. ನಾವು ಎರಡೂ ಭಾಷೆಗಳಲ್ಲಿ ಕಲಿತವರು. ಮನೆಯ ಕನ್ನಡ ಅದರಿಂದ ಸವೆಯಲಿಲ್ಲ. ಸಂತೆಯಲ್ಲಿ ಮಾತನಾಡುವಷ್ಟು ತಮಿಳು ನಮ್ಮ ಎಲ್ಲ ಮಕ್ಕಳಿಗೂ ಬರುತ್ತದೆ. ತಪ್ಪಿಲ್ಲದೆ ಒಂದು ಪುಟ ಬರೆಯುವಷ್ಟು ಬರಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದರೆ ಕಂಪ್ಯೂಟರು ಕಷ್ಟವೇ ಎಂಬುದು ಮತ್ತೊಂದು ಪ್ರಶ್ನೆ. ಕಾಲೇಜಿನ ಮೊದಲ ವರ್ಷ ಕಷ್ಟವೇ. ಉಪನ್ಯಾಸ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಆದರೆ ಯಂತ್ರಕ್ಕೆ ಬರೆಯುವ ಭಾಷೆಯಲ್ಲಿರುವ ಇಂಗ್ಲಿಷ್ ಪದಗಳು ಬೆರಳೆಣಿಕೆಯಷ್ಟು. “ಹೀಗಾದರೆ ಹೀಗೆ ಮಾಡು, ಇಲ್ಲವಾದರೆ ಹಾಗೆ ಮಾಡು” ಎಂಬ ತರ್ಕವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಯೋಚಿಸಬಲ್ಲವನು ಯಾವ ಭಾಷೆಯಲ್ಲಿಯೂ ಯೋಚಿಸುತ್ತಾನೆ. ಇಂಗ್ಲಿಷ್ ಬೇಕಾಗುವುದು ಸಂದರ್ಶನದಲ್ಲಿ, ಪತ್ರ ಬರೆಯುವಲ್ಲಿ, ಹೊಸದನ್ನು ಓದಿ ತಿಳಿಯುವಲ್ಲಿ. ಅದಕ್ಕೆ ಎಂಟನೆಯ ತರಗತಿಯಿಂದಲೇ ದಿನಕ್ಕೊಂದು ಪುಟ ಗಟ್ಟಿಯಾಗಿ ಓದುವ ಅಭ್ಯಾಸ ಸಾಕು. ತಂದೆತಾಯಿಗಳಿಗೆ ಇಂಗ್ಲಿಷ್ ಬಾರದಿದ್ದರೂ ಪಕ್ಕದಲ್ಲಿ ಕುಳಿತು ಕೇಳಬಹುದು.

ಎಂಜಿನಿಯರಿಂಗ್ ಒಂದೇ ದಾರಿಯೂ ಅಲ್ಲ. ಬಿ.ಎಸ್ಸಿ. ಕಂಪ್ಯೂಟರ್, ಬಿ.ಸಿ.ಎ. ಎಂದರೆ ಮೂಗು ಮುರಿಯುವವರಿದ್ದಾರೆ. ಮೂರೇ ವರ್ಷ, ಸರ್ಕಾರಿ ಕಾಲೇಜಿನಲ್ಲಿ ಖರ್ಚು ಅತ್ಯಲ್ಪ. ದೊಡ್ಡ ಕಂಪನಿಗಳು ಈ ಪದವೀಧರರನ್ನೂ ತೆಗೆದುಕೊಳ್ಳುತ್ತವೆ, ವಿಪ್ರೋದಂಥವು ಕೆಲಸದ ಜೊತೆಗೇ ಮುಂದಿನ ಓದಿಗೆ ನೆರವಾಗುವ ಯೋಜನೆ ನಡೆಸಿವೆ. ಇಂದು ತಾಳವಾಡಿಯಲ್ಲೇ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು ಇರುವುದು ನಮ್ಮ ತಲೆಮಾರು ಕನಸಿನಲ್ಲಿಯೂ ಎಣಿಸದ ಭಾಗ್ಯ. ಮದರಾಸಿನ ಐ.ಐ.ಟಿ. 2020ರಲ್ಲಿ ದತ್ತಾಂಶ ವಿಜ್ಞಾನದ ಪದವಿಯೊಂದನ್ನು ಪ್ರಕಟಿಸಿತು. ಮನೆಯಲ್ಲೇ ಇದ್ದು ಓದಬಹುದು, ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಬೇಕು. ಜೆ.ಇ.ಇ. ಬೇಡ, ಆದರೆ ಆರಂಭದಲ್ಲಿ ನಾಲ್ಕು ವಾರ ಪಾಠ ಕಲಿತು ಅರ್ಹತಾ ಪರೀಕ್ಷೆ ಪಾಸಾಗಬೇಕು. ಬಡವರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶುಲ್ಕದಲ್ಲಿ ರಿಯಾಯಿತಿ ಉಂಟು. ಸ್ಥಳೀಯ ಕಾಲೇಜಿನ ಬಿ.ಎಸ್ಸಿ. ಜೊತೆಗೇ ಇದನ್ನೂ ಓದುವ ಶ್ರಮಜೀವಿಗಳಿದ್ದರೆ ಅವರನ್ನು ನಾವು ತಡೆಯುವುದಿಲ್ಲ. ಜೋಹೋ ಕಂಪನಿಯಂತೂ ಸುಮಾರು ಇಪ್ಪತ್ತು ವರ್ಷಗಳಿಂದ ಪ್ಲಸ್ ಟೂ, ಡಿಪ್ಲೊಮಾ ಮುಗಿಸಿದವರನ್ನೇ ಆರಿಸಿ, ಶುಲ್ಕವಿಲ್ಲದೆ, ತಾನೇ ಭತ್ಯೆ ಕೊಟ್ಟು ಕಲಿಸುತ್ತಿದೆ. ತೆಂಕಾಶಿಯ ಬಳಿಯ ಹಳ್ಳಿಯೊಂದರಲ್ಲಿ ಕಚೇರಿ ನಡೆಸುತ್ತಿರುವ ಕಂಪನಿ ಅದು. ನಮ್ಮ ಬೆಟ್ಟಕ್ಕೂ ಯಾರಾದರೂ ಬಂದಾರೆ ಎಂದು ಆಸೆಪಡಲು ಅಡ್ಡಿಯೇನಿಲ್ಲ.

ಕಂಪ್ಯೂಟರ್ ಪದವೀಧರನು ಕಂಪ್ಯೂಟರ್ ಕಂಪನಿಯಲ್ಲೇ ಇರಬೇಕೆಂದೂ ಇಲ್ಲ. ಬ್ಯಾಂಕಿನ ಗುಮಾಸ್ತ ಹುದ್ದೆಯ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ತೀರ್ಮಾನಿಸಿತು. ಕರ್ನಾಟಕದ ಹುದ್ದೆಗೆ ಅರ್ಜಿ ಹಾಕುವವನಿಗೆ ಕನ್ನಡ ಓದಿ ಬರೆಯಲು ಬರಬೇಕು. ನಮ್ಮ ಶಾಲೆಯ ಓದು ಅಲ್ಲಿ ನೇರವಾಗಿ ಕೈಹಿಡಿಯುತ್ತದೆ. ಹಾಗೆಯೇ ಕನ್ನಡಕ್ಕೆಂದೇ ಮಾಡಬೇಕಾದ ಗಣಕದ ಕೆಲಸವೂ ಇದೆ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ರೂಪಿಸಿದರು; 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದಿತು; ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಈಗ ಮಾತನ್ನು ಬರಹವಾಗಿಸುವ, ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸುವ ಯಂತ್ರಗಳ ಕಾಲ. ಮದರಾಸಿನ ಐ.ಐ.ಟಿ.ಯ ‘ಎಐ ಫಾರ್ ಭಾರತ್’ ತಂಡ, 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಭಾಷಿಣಿ’ ಯೋಜನೆ ಈ ಕೆಲಸದಲ್ಲಿವೆ. ಇಲ್ಲಿ ಸಾವಿರಾರು ಹುದ್ದೆಗಳಿವೆ ಎಂದು ಆಸೆ ತೋರಿಸುವುದಿಲ್ಲ. ಆದರೆ ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಬಲ್ಲ ಗಣಕವಿಜ್ಞಾನಿ ಬೆಂಗಳೂರಿನಲ್ಲಿ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ನಮ್ಮಲ್ಲಿ ಮನೆಮನೆಯಲ್ಲೂ ಅಂಥ ಮಗು ಬೆಳೆಯುತ್ತಿದೆ.

ಹೆಣ್ಣುಮಕ್ಕಳ ಬಗ್ಗೆ ಎರಡು ಮಾತು. ಕೂತು ಮಾಡುವ ಕೆಲಸ, ನೆರಳಿನ ಕೆಲಸ, ಹುಡುಗಿಯರಿಗೆ ಒಪ್ಪುತ್ತದೆ ಎಂದು ಹೇಳುವ ಪಾಲಕರೇ ಬೇರೆ ಊರಿನ ಹಾಸ್ಟೆಲಿಗೆ ಕಳುಹಿಸುವ ಹೊತ್ತಿಗೆ ಹಿಂಜರಿಯುತ್ತಾರೆ. 2022ರ ಫೆಬ್ರವರಿಯಿಂದ ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನ್ಯಾಯಾಲಯದ ನಿರ್ಬಂಧ ಬಂದ ಮೇಲೆ, ಸಂಜೆ ಕಾಲೇಜು ಮುಗಿಸಿ ಮನೆಗೆ ಬರುವುದೆಂಬ ಲೆಕ್ಕ ಇನ್ನೂ ಕಠಿಣವಾಗಿದೆ ಎಂಬುದು ನಿಜ. ಆದ್ದರಿಂದ ಹಾಸ್ಟೆಲು ಬೇಕೇ ಬೇಕು. ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿಯರಿಗೆ ಕಾಲೇಜಿನಲ್ಲಿ ತಿಂಗಳಿಗೆ 1,000 ರೂಪಾಯಿ ಕೊಡುವ ಪುದುಮೈ ಪೆಣ್ ಯೋಜನೆ 2022ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಗಣಿತದಲ್ಲಿ ನಮ್ಮ ಶಾಲೆಯ ಹುಡುಗಿಯರು ಹುಡುಗರಿಗೆ ಯಾವ ರೀತಿಯಲ್ಲೂ ಕಡಿಮೆಯಿಲ್ಲ. ಅಂಥವಳನ್ನು ಪ್ಲಸ್ ಟೂ ಆದೊಡನೆ ಮದುವೆ ಮಾಡಿ ಕಳುಹಿಸಿ, ಅವಳಿಗಿಂತ ಕಡಿಮೆ ಅಂಕದ ತಮ್ಮನಿಗೆ ಹಣ ಕೊಟ್ಟು ಸೀಟು ಕೊಡಿಸುವುದು ಯಾವ ಲೆಕ್ಕ?

ಓದು ಮುಗಿದ ಮೇಲಿನ ಒಂದು ಎಚ್ಚರಿಕೆ. ಕೆಲಸ ಕೊಡಿಸುತ್ತೇವೆ, ಮೊದಲು ತರಬೇತಿಗೋ ಠೇವಣಿಗೋ ಹಣ ಕಟ್ಟಿ ಎಂದು ಫೋನಿನಲ್ಲಿ ಕೇಳುವವರಿಗೆ ಬಿಡಿಗಾಸೂ ಕೊಡಬೇಡಿ. ಒಳ್ಳೆಯ ಕಂಪನಿ ಕೆಲಸ ಕೊಟ್ಟು ಸಂಬಳ ಕೊಡುತ್ತದೆಯೇ ಹೊರತು ಕೆಲಸ ಕೊಡಲು ಹಣ ಕೇಳುವುದಿಲ್ಲ.

ಈ ವರ್ಷ ಹನ್ನೆರಡನೆಯ ತರಗತಿಯಲ್ಲಿರುವ ಮಕ್ಕಳಿರುವ ಮನೆಯವರು ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಮತ್ತು ಮನೆಯಲ್ಲಿ ಇದುವರೆಗೆ ಯಾರೂ ಪದವಿ ಪಡೆದಿಲ್ಲವಾದರೆ ಮೊದಲ ಪದವೀಧರ ಪ್ರಮಾಣಪತ್ರ, ಈ ಮೂರನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಮೊದಲ ಪದವೀಧರರಿಗೆ ಎಂಜಿನಿಯರಿಂಗ್ ಬೋಧನಾ ಶುಲ್ಕದಲ್ಲಿ ರಿಯಾಯಿತಿಯುಂಟು. 2016ರಲ್ಲಿ ತಾಳವಾಡಿ ಪ್ರತ್ಯೇಕ ತಾಲ್ಲೂಕಾದ ಮೇಲೆ ಇದಕ್ಕಾಗಿ ಸತ್ಯಮಂಗಲಕ್ಕೆ ಇಳಿಯಬೇಕಾಗಿಲ್ಲ. ಹೆಸರಿನ ಅಕ್ಷರ ಅಂಕಪಟ್ಟಿಯಲ್ಲೊಂದು, ಆಧಾರಿನಲ್ಲೊಂದು, ರೇಷನ್ ಕಾರ್ಡಿನಲ್ಲೊಂದು ಆಗಿರುವುದು ನಮ್ಮಲ್ಲಿ ಸಾಮಾನ್ಯ. ಕನ್ನಡದ ಹೆಸರನ್ನು ತಮಿಳಿನಲ್ಲಿ ಬರೆದು ಅಲ್ಲಿಂದ ಇಂಗ್ಲಿಷಿಗೆ ಇಳಿಸಿದಾಗ ಹೀಗಾಗುತ್ತದೆ. ಮೂರನ್ನೂ ಒಟ್ಟಿಗೆ ಶಾಲೆಗೆ ತಂದು ತೋರಿಸಿದರೆ ಯಾವುದನ್ನು ತಿದ್ದಿಸಬೇಕೆಂದು ನಾವು ನೋಡಿ ಹೇಳುತ್ತೇವೆ.